ಹುಲಿಗೆಮ್ಮನನ್ನು ಇಳಿಸಬೇಡಿ

೨೨೩೧ನೇ ಇಸವಿ, ಹದಿಮೂರನೆಯ ತಿಂಗಳ ಎರಡನೇ ದಿನ
ತುಂಗಭದ್ರೆಯ ದಡ

ಮಾನ್ಯ ವಾದಿರಾಜ ಅವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ನಮ್ಮ ಪಂಚಾಂಗದಲ್ಲಿ ಸರಿಯಾಗಿಯೇ ಇದೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಚಲನಚಿತ್ರಗಳಲ್ಲಿ ಕೇಳಿ ಕಲಿತವಳು. ಮಾತು ಎಲ್ಲಾದರೂ ಒರಟಾದರೆ ಮನ್ನಿಸಿ. ನಾನು ಗಾಳೆವ್ವ, ಹರಿಗೋಲು ಕಟ್ಟುವ ಮನೆತನದವಳು. ನೀವು ಈಗ ಚಿತ್ರ ತೆಗೆಯುತ್ತಿರುವ ಹುಲಿಗೆಮ್ಮ ನನ್ನ ಅಜ್ಜಿಯ ಅಜ್ಜಿಗೂ ಹಿಂದಿನವಳು.

ಜನರ ನಡುವೆಯೇ ಇದ್ದು ಅವರ ಬದುಕನ್ನು ಚಿತ್ರೀಕರಿಸುವ ನಿಮ್ಮ ವಿದ್ಯೆ ಮುಂದೆ ಬಹಳ ಬೆಳೆಯಿತು. ಮೊದಲು ಪಾಠವಾಯಿತು, ಆಮೇಲೆ ದಾಖಲೆಯಾಯಿತು, ಕೊನೆಗೆ ಕಾನೂನೇ ಆಯಿತು. ಈ ದಡದಲ್ಲಿ ಇರಬೇಕಾದರೆ ನಾವು ನಮ್ಮ ‘ಮೂಲಚಿತ್ರ’ದಂತೆ ಬದುಕಬೇಕು. ಮೂಲಚಿತ್ರವೆಂದರೆ ನಿಮ್ಮ ನಲವತ್ತು ನಿಮಿಷದ ಚಿತ್ರ. ವರ್ಷಕ್ಕೆರಡು ಸಲ ಹೋಲಿಕೆದಾರರು ಬಂದು ಬಿದಿರು ಸೀಳುವ ರೀತಿ, ಒಲೆಯ ದಿಕ್ಕು, ಸೀರೆ ಉಡುವ ಬಗೆ ಎಲ್ಲವನ್ನೂ ಅದರ ಜೊತೆ ಇಟ್ಟು ನೋಡುತ್ತಾರೆ. ಚಿತ್ರದಲ್ಲಿ ಒಬ್ಬ ಮುದುಕ ಕುಂಟುತ್ತ ಬುಟ್ಟಿ ಹೊತ್ತು ಹೋಗುತ್ತಾನೆ. ಕಾಲು ಗಟ್ಟಿಯಿದ್ದರೂ ನನ್ನ ಸೋದರಮಾವ ತಪಾಸಣೆಯ ದಿನ ಕುಂಟುತ್ತಾನೆ. ಚಿತ್ರದಲ್ಲಿ ಹೆಂಗಸರು ಯಾರೂ ಹರಿಗೋಲಿನ ಹುಟ್ಟು ಹಿಡಿಯುವುದಿಲ್ಲ. ಹಾಗಾಗಿ ನಾವೂ ಹಿಡಿಯುವಂತಿಲ್ಲ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ತಂಗಿ ಪಂಪವ್ವನಿಗೆ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆ ಆಚೆ ದಡದಲ್ಲಿದೆ. ಗಂಡಸರೆಲ್ಲ ಬಿದಿರು ತರಲು ಹೋಗಿದ್ದರು. “ಅಕ್ಕಾ, ನನ್ನ ಕೈಲಿ ಆಗೂದಿಲ್ಲ” ಎಂದು ಅವಳು ಗೋಡೆ ಹಿಡಿದು ನಿಂತಳು. ಅವಳನ್ನು ಹರಿಗೋಲಿನಲ್ಲಿ ಕೂರಿಸಿ ನಾನೇ ಹುಟ್ಟು ಹಾಕಿದೆ. ನನಗೆ ಯಾರೂ ಕಲಿಸಿರಲಿಲ್ಲ. ಹರಿಗೋಲು ನಿಂತಲ್ಲೇ ಎರಡು ಸುತ್ತು ತಿರುಗಿ ಆಮೇಲೆ ಮುಂದಕ್ಕೆ ಹೋಯಿತು. ತಾಯಿ, ಮಗಳು ಇಬ್ಬರೂ ಉಳಿದರು.

ನನ್ನ ಮೇಲೆ ದೂರು ಬಂತು. ಸಂಗ್ರಹಾಲಯಕ್ಕೆ ಹೋಗಿ ನೀವು ಚಿತ್ರಕ್ಕೆ ಸೇರಿಸದೆ ಬಿಟ್ಟ ತುಣುಕುಗಳನ್ನು ಹುಡುಕಿದೆ. ಒಂದರಲ್ಲಿ ಹುಲಿಗೆಮ್ಮ ಹುಟ್ಟು ಹಿಡಿದು ಕೂತಿದ್ದಾಳೆ. ಕ್ಯಾಮೆರಾದ ಹಿಂದಿನಿಂದ ನಿಮ್ಮ ದನಿ ಕೇಳುತ್ತದೆ: “ಅವ್ವಾ, ನೀವು ಸ್ವಲ್ಪ ಇಳೀರಿ. ಗಂಡಸರು ಹುಟ್ಟು ಹಾಕೋದಷ್ಟೇ ಬೇಕು.”

“ಹರಿಗೋಲು ನಂದು ಐತ್ರೀ. ನಾ ಯಾಕ ಇಳೀಲಿ?”

“ಒಂದೈದು ನಿಮಿಷ ಅಷ್ಟೆ.”

ಅವಳು ಇಳಿಯುತ್ತಾಳೆ.

ಅದನ್ನು ಹಿರಿಯ ಹೋಲಿಕೆದಾರರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಎರಡು ಸಲ ನೋಡಿದರು. “ಬಿಟ್ಟ ತುಣುಕು ಸಾಕ್ಷಿಯಾಗೋದಿಲ್ಲ ತಾಯಿ. ಮೂಲಚಿತ್ರದಲ್ಲಿ ಇಲ್ಲದ್ದು ನಿಮ್ಮ ಪದ್ಧತಿಯಲ್ಲ” ಎಂದರು. ನಾನು ಪದ್ಧತಿ ಮೀರಿದೆನೆಂದು ಒಪ್ಪಿ, ಇನ್ನು ಹುಟ್ಟು ಮುಟ್ಟುವುದಿಲ್ಲವೆಂದು ಬರೆದುಕೊಡಬೇಕು; ಇಲ್ಲವಾದರೆ ನಮ್ಮ ಕೇರಿಯ ಹನ್ನೊಂದು ಮನೆಗಳೂ ದಡ ಬಿಡಬೇಕು ಎಂದು ತೀರ್ಪಾಯಿತು. ಸಹಿ ಹಾಕಿದೆ. ನಮ್ಮವ್ವ ಆವತ್ತು ನನ್ನ ಮುಖ ನೋಡಲಿಲ್ಲ.

ಈ ಪತ್ರ ನಿಮ್ಮ ಕೈ ಸೇರುವ ದಿನಕ್ಕೆ, ಆ ತುಣುಕಿನ ಮೇಲಿರುವುದು ನಿಮ್ಮ ನಾಳೆಯ ತಾರೀಖು. ಹುಲಿಗೆಮ್ಮನನ್ನು ಹರಿಗೋಲಿನಿಂದ ಇಳಿಸಬೇಡಿ. ಇಳಿಸಲೇಬೇಕೆಂದರೆ, ನೀವು ಹೇಳಿದ್ದನ್ನೂ ಅವಳು ಕೇಳಿದ್ದನ್ನೂ ಚಿತ್ರದಲ್ಲಿ ಉಳಿಸಿ.

ಪಂಪವ್ವನ ಮಗಳು ಅಳುವಾಗ ಹೊಳೆಯ ಕಡೆಗೆ ಎತ್ತಿ ಹಿಡಿದರೆ ಸುಮ್ಮನಾಗುತ್ತಾಳೆ. ಅದು ರೂಢಿಯಾಗಬಾರದೆಂದು ಈಚೆಗೆ ಒಳಕೋಣೆಯಲ್ಲೇ ಮಲಗಿಸುತ್ತಿದ್ದೇವೆ.

ಗಾಳೆವ್ವ