ಕಟ್ಟದ ಹಲಗೆ

ಬೆಳ್ಳಾರೆ,
ತಾ. 21-3-1962, ಬುಧವಾರ

ಪ್ರೀತಿಯ ಮಗ ಅಚ್ಚುತನಿಗೆ ಅಮ್ಮನ ಆಶೀರ್ವಾದ.

ದೇವರ ದಯೆಯಿಂದ ಇಲ್ಲಿ ನಾವಿಬ್ಬರೂ ಆರೋಗ್ಯ. ನಿನ್ನ ಕೆಮ್ಮು ಪೂರ್ತಿ ಬಿಟ್ಟಿತೋ ಇಲ್ಲವೋ ಬರೆ. ಅಂಬಾಲದ ಚಳಿಗೆ ತುಟಿ ಒಡೆದಿದೆ ಎಂದು ಬರೆದಿದ್ದೆ. ತೆಂಗಿನೆಣ್ಣೆ ಹಚ್ಚು, ಪಲ್ಟನಿನವರು ನಗಾಡಿದರೆ ನಗಾಡಲಿ. ಸುಬ್ರಹ್ಮಣ್ಯಕ್ಕೆ ಹೋದವರು ತಂದುಕೊಟ್ಟ ಮೃತ್ತಿಕೆ ಪ್ರಸಾದವನ್ನು ಒಂದು ಚಿಟಿಕೆ ಇದರೊಳಗೆ ಕಟ್ಟಿ ಇಟ್ಟಿದ್ದೇನೆ. ಸ್ನಾನ ಮಾಡಿ ಹಣೆಗೆ ಹಚ್ಚಿಕೋ.

ಅಪ್ಪನ ಕಾಗದ ನಿನಗೆ ಇದಕ್ಕಿಂತ ಮೊದಲೇ ಮುಟ್ಟಿರುತ್ತದೆ. ಕೂಡಲೇ ರಜೆ ಹಾಕಿ ಬಾ, ತೋಡಿನ ಕಟ್ಟ ನೋಡಿಕೊಳ್ಳಲು ಗಟ್ಟಿ ಆಳು ಬೇಕು ಎಂದು ಬರೆದಿದ್ದಾರೆ. ಯಾಕೆ ಬೇಕು ಎಂದು ಬರೆದಿರಲಿಕ್ಕಿಲ್ಲ. ಅದನ್ನು ನಾನು ಬರೆಯುತ್ತೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಸರಿ ಮಾಡಿ ಓದು.

ಹೋದ ವಾರ ಉಪ್ಪು ತರಲು ಹಸನಬ್ಬನವರ ಅಂಗಡಿಗೆ ಹೋಗಿದ್ದೆ. ಅವರು ಪೇಪರು ಓದುತ್ತಿದ್ದರು. ಬರ್ಮಾದಲ್ಲಿ ಬೆಳಗಾಗುವುದರೊಳಗೆ ಸೈನ್ಯದವರು ಮಂತ್ರಿಗಳನ್ನೆಲ್ಲ ಹಿಡಿದು ಕೂಡಿಹಾಕಿ ತಾವೇ ಆಳಲು ಕೂತರಂತೆ. ಸಿಪಾಯಿಯ ಹೆಂಡತಿ ನಾನು, ಸಿಪಾಯಿಯ ತಾಯಿ. ಅಕ್ಕಿ ಗೋಣಿಯ ಮೇಲೆ ಕೂತುಬಿಟ್ಟೆ. ಕಾವಲಿಗೆ ಇಟ್ಟವರು ಹೀಗೆ ಮಾಡುವುದುಂಟೇ ಎಂದು ಕೇಳಿದೆ. ಹಸನಬ್ಬನವರ ಅಣ್ಣ ರಂಗೂನಿನಲ್ಲಿ ವ್ಯಾಪಾರ ಮಾಡಿದವರು, ಹಾಗಾಗಿ ಇವರಿಗೆ ಅಲ್ಲಿಯ ಸಂಗತಿ ಗೊತ್ತು. ಕನ್ನಡಕ ತೆಗೆದು ಹೇಳಿದರು: “ಅಕ್ಕ, ಅವರು ಬೇಲಿ ಹಾರಿ ಬಂದವರಲ್ಲ. ನಾಲ್ಕು ವರ್ಷದ ಹಿಂದೆ ಮಂತ್ರಿಗಳ ಪಕ್ಷ ಒಡೆದಾಗ, ಜಗಳ ಸುಧಾರಿಸ್ಲಿಕ್ಕೆ ಸೇನಾಪತಿಯನ್ನು ಕರೆದು ಕೂರಿಸಿದ್ದು ಮಂತ್ರಿಗಳೇ. ಆಗ ಬಿಟ್ಟುಕೊಟ್ರು. ಈಗ ಕರೆಯದೆ ಬಂದ್ರು.”

ಉಪ್ಪು ಮರೆತು ಬಂದೆ. ಅವರು ರಂಗೂನಿನ ಕತೆ ಎಂದು ಹೇಳಿದ್ದು ನಮ್ಮ ಮನೆಯ ಕತೆ.

ನೀನು ಊರಿಗೆ ಬಾರದೆ ಎರಡು ವರ್ಷವಾಯಿತು. ತೋಡಿನ ನೀರಿಗೆ ಅಡ್ಡವಾಗಿ ಕಲ್ಲುಮಣ್ಣಿನ ಕಟ್ಟ ಹಾಕಿ ಆರು ಮನೆಯವರು ಸುಗ್ಗಿ ಬೆಳೆಗೆ ನೀರು ಹಂಚಿಕೊಳ್ಳುವುದು, ವರ್ಷಕ್ಕೊಂದು ಮನೆಯಂತೆ ಯಜಮಾನಿಕೆ ತಿರುಗುವುದು ನಿನಗೆ ಗೊತ್ತಿದ್ದದ್ದೇ. ಕಾಲುವೆ ಎರಡಾಗುವ ಬಾಯಿಗೆ ಹಲಗೆ ಹಾಕಿದರೆ ನೀರು ಶೀನಪ್ಪನವರ ಕಡೆಗೆ, ತೆಗೆದರೆ ಬೋಜಪ್ಪನ ಕಡೆಗೆ. ಹಲಗೆ ಯಾರ ಕೈಯಲ್ಲೋ ಅವರೇ ಆ ವರ್ಷದ ಯಜಮಾನ. ಕಳೆದ ವರ್ಷ ಈ ಎರಡು ಕಡೆಯವರ ಜಗಳ ಮುಗಿಯಲೇ ಇಲ್ಲ. ಪೈರು ಒಣಗಲು ಬಂದಾಗ ಇಬ್ಬರೂ ಒಟ್ಟಿಗೆ ನಮ್ಮ ಜಗಲಿಗೆ ಬಂದು, “ಹವಾಲ್ದಾರ್ರೇ, ಬಿಸುವಿನವರೆಗೆ ನೀವೇ ನೋಡಿಕೊಳ್ಳಿ, ನಮ್ಮಿಂದ ಆಗುದಿಲ್ಲ” ಎಂದರು. ಅಪ್ಪ ಗಡಿಯಾರ ಹಿಡಿದು ನೀರು ಬಿಟ್ಟರು. ಒಂದು ಗದ್ದೆಯೂ ಒಣಗಲಿಲ್ಲ. ಬಿಸು ಹಬ್ಬದ ದಿನ ಹಲಗೆ ಹಿಂದೆ ಕೊಟ್ಟರು. ನಾನು ಹಿಗ್ಗಿ ಹೀರೇಕಾಯಿಯಾಗಿ ಎಲ್ಲ ಮನೆಗೂ ಪಾಯಸ ಹಂಚಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷದ ಸರದಿ ಬೋಜಪ್ಪನದು. ಶೀನಪ್ಪನವರು ಪಿರಿಪಿರಿ ಮಾಡುತ್ತಿದ್ದರು, ಆದರೆ ಅಪ್ಪನನ್ನು ಯಾರೂ ಕರೆದಿರಲಿಲ್ಲ. ಶಿವರಾತ್ರಿಯ ಮಾರನೆ ಬೆಳಿಗ್ಗೆ ಅಪ್ಪ, ತಾವು ಕವಾಯತು ಕಲಿಸಿದ ಊರಿನ ನಾಲ್ವರು ಹುಡುಗರನ್ನು ಕಟ್ಟಿಕೊಂಡು ಹೋಗಿ ಬೋಜಪ್ಪನ ಜಗಲಿಯಿಂದ ಹಲಗೆ ಎತ್ತಿಕೊಂಡು ಬಂದರು. ಬೈಗುಳವಿಲ್ಲ, ಹೊಡೆತವಿಲ್ಲ. “ಸಭೆ ಮಾಡಿದ್ರೆ ನೀರು ಹರಿಯುದಿಲ್ಲ” ಎಂದರಂತೆ, ಅಷ್ಟೆ. ಶೀನಪ್ಪನವರು ಒಳ್ಳೆಯದಾಯಿತು ಎಂದರು. ನಾನೂ ಬಾಯಿ ಬಿಡಲಿಲ್ಲ.

ಸರದಿ ಯಾರದೆಂದು ಬೋಜಪ್ಪ ನಾಲ್ಕು ಜನರ ಎದುರು ಕೇಳಿದ. ಆ ತಪ್ಪಿಗೆ ಒಂಬತ್ತು ದಿನದಿಂದ ಹಲಗೆ ತೆಗೆದಿಲ್ಲ. ಅವನ ಗದ್ದೆ ಬಿರುಕು ಬಿಟ್ಟಿದೆ. ಮೊನ್ನೆ ಅವನು ಮನೆಗೆ ಬಂದ. ನಾನು ಮದುವೆಯಾಗಿ ಬಂದಂದಿನಿಂದ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, ನನ್ನ ಸಾರಿಗೆ ಹುಳಿ ಹೆಚ್ಚೆಂದು ತಮಾಷೆ ಮಾಡಿದವನು. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಕಂಕುಳಿಗೆ ಇಳಿಸಿ, ಧಣಿಯ ಎದುರು ನಿಲ್ಲುವ ಹಾಗೆ ಅಂಗಳದಲ್ಲೇ ನಿಂತ. ಮೇಲೆ ಬಾ ಎಂದೆ. “ಬೇಡ ಅತ್ತಿಗೆ, ಇಲ್ಲೇ ಸಾಕು” ಎಂದ.

ಅಪ್ಪ ಕೆಟ್ಟವರಲ್ಲ, ನನಗೆ ಭಯವೇ ಅದು. ಕೆಟ್ಟವರು ಮಾತ್ರ ಹೀಗೆ ಮಾಡುವುದಾದರೆ ಎಚ್ಚರದಿಂದ ಇರಬಹುದಿತ್ತು. ನಮ್ಮ ಜಗಳ ನಾವೇ ಮುಗಿಸಲಾರದೆ ಗಟ್ಟಿ ಕೈಯವರನ್ನು ಕರೆದೆವು, ಅವರಿಗೆ ದಾರಿ ಅಭ್ಯಾಸವಾಯಿತು. ಹೋದ ತಿಂಗಳು ಶಾಲೆಯಲ್ಲಿ ಸಾಲು ನಿಂತು ಓಟು ಹಾಕಿ ಬಂದೆವು. ಸೋತವರು ಮುಖ ಊದಿಸಿಕೊಂಡು ಮನೆಗೆ ಹೋದರು, ಯಾರೂ ಪಲ್ಟನನ್ನು ಕರೆಯಲಿಲ್ಲ. ದೆಹಲಿಯಲ್ಲಿ ಏನು, ಜಗಳ ಇಲ್ಲವೇ? ಆದರೂ ಮುಂದಿನ ಸರದಿಗೆ ಕಾಯುತ್ತಾರೆ. ಇದನ್ನು ಅಪ್ಪನಿಗೆ ಹೇಳಿದೆ. “ನಿನಗೆ ಎಂತ ಗೊತ್ತುಂಟು ಮಾರಾಯ್ತಿ, ಯುದ್ಧದಲ್ಲಿ ಬರ್ಮಾ ನೋಡಿದವ ನಾನು” ಎಂದು ನಕ್ಕರು. ಬಿಸುವಿಗೆ ಹಲಗೆ ಹಿಂದೆ ಕೊಡುವಿರಾ ಎಂದೆ. ನಗು ನಿಂತಿತು. “ಯಾರಿಗೆ ಕೊಡುದು? ಯೋಗ್ಯ ಅಂತ ಒಬ್ಬ ಉಂಟಾ? ಅಚ್ಚುತ ಬರ್ಲಿ, ಅವನ ಕೈಗೆ ಕೊಡ್ತೇನೆ.”

ನಿನ್ನನ್ನು ಕರೆಸುವುದು ಇದಕ್ಕೆ. ಅಪ್ಪನ ಮಾತು ಮೀರು ಎಂದು ತಾಯಿಯಾದವಳು ಮಗನಿಗೆ ಹೇಳಬಾರದು. ಆದರೆ ಆ ಹಲಗೆಯನ್ನು ನೀನು ಮುಟ್ಟಬಾರದು. ದೀಪ ಹಚ್ಚುವಾಗಲೆಲ್ಲ ಸುಬ್ರಹ್ಮಣ್ಯ ದೇವರಲ್ಲಿ ಇದೊಂದನ್ನೇ ಕೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯವರನ್ನೂ ಕೇಳಿದೆನೆಂದು ಹೇಳು, ಅವರೂ ಯಾರದೋ ಮಕ್ಕಳು. ಸ್ವಾಮಿ ನಿಮ್ಮೆಲ್ಲರ ಬೆನ್ನಿಗಿರಲಿ.

ನಿನ್ನ ಅಮ್ಮ,
ಅಪ್ಪಿ

ಮತ್ತೆ: ಅಕ್ಷರ ಅಲುಗಿದ್ದಕ್ಕೆ ಹೆದರಬೇಡ, ಕೈ ಒದ್ದೆ ಉಂಟು. ಕಾಗದ ಮಡಚುವ ಮೊದಲು ಕಟ್ಟಕ್ಕೆ ಹೋಗಿ ಬಂದೆ. ಅಪ್ಪ ಪುತ್ತೂರಿಗೆ ಹೋಗಿದ್ದಾರೆ, ಸಂಜೆಯ ಬಸ್ಸಿಗೆ ಬರುತ್ತಾರೆ. ಅಲ್ಲಿ ಕಾವಲಿಗಿದ್ದ ಕವಾಯತಿನ ಹುಡುಗ ಹವಾಲ್ದಾರರ ಹೆಂಡತಿಯನ್ನು ಹೇಗೆ ತಡೆಯುವುದೆಂದು ತಿಳಿಯದೆ ಬದಿಗೆ ಸರಿದ. ಸೀರೆ ಎತ್ತಿಕಟ್ಟಿ ನೀರಿಗಿಳಿದು ಹಲಗೆ ಕಿತ್ತೆ, ಬೋಜಪ್ಪನ ಜಗಲಿಯಲ್ಲಿ ಇಟ್ಟೆ. ಅವನಿಗೂ ಶೀನಪ್ಪನವರಿಗೂ ಹೇಳಿದ್ದೇನೆ: ಜಗಳ ಆಡಿ, ಬೇಕಾದಷ್ಟು ಆಡಿ, ಬಿಡಿಸಲು ನಮ್ಮ ಮನೆಗೆ ಮಾತ್ರ ಬರಬೇಡಿ. ಮೂವತ್ತು ವರ್ಷದಲ್ಲಿ ಅಪ್ಪನ ಮಾತು ಮೀರಿದ್ದು ಇದೇ ಮೊದಲು, ಸಂಜೆ ಏನಾಗುವುದೋ ಗೊತ್ತಿಲ್ಲ. ಅವರು ಕೆಲವು ದಿನ ಯಾರ ಮುಖವನ್ನೂ ನೋಡಲಿಕ್ಕಿಲ್ಲ, ನಿನ್ನದನ್ನು ನೋಡಬಹುದು. ರಜೆ ಸಿಕ್ಕಿದರೆ ಬಾ. ಯೂನಿಫಾರಂ ಅಲ್ಲಿಯೇ ಬಿಟ್ಟು, ಪಂಚೆ ಉಟ್ಟು ಬಾ.