ಹಾಲುಹಲ್ಲಿನ ಗೆರೆಗಳು

ಮಾರ್ಚ್ ಹನ್ನೆರಡು, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮ,

ಇಷ್ಟು ವರ್ಷ ನಿನ್ನನ್ನು ‘ನೀವು’ ಎಂದೇ ಮಾತಾಡಿಸಿದವಳು ನಾನು. ಇವತ್ತು ಪೆನ್ನು ಹಿಡಿದು ಕೂತರೆ ‘ನೀನು’ ಎಂದೇ ಬರುತ್ತಿದೆ. ತಪ್ಪಾಗಿದ್ದರೆ ಬೈದುಬಿಡು, ಆದರೆ ಪೂರ್ತಿ ಓದಿದ ಮೇಲೆ.

ನಾನಿಲ್ಲಿ ಏನು ಓದುತ್ತೇನೆ ಎಂದು ಯಾರಾದರೂ ಕೇಳಿದರೆ ಅಪ್ಪ ‘ಹಲ್ಲು ಎಣಿಸೋದು’ ಎನ್ನುತ್ತಾರಂತೆ. ಪೂರ್ತಿ ಸುಳ್ಳಲ್ಲ. ಮನುಷ್ಯ ಹೇಗೆ ಮನುಷ್ಯನಾದ ಎಂದು ಹುಡುಕುವ ಗುಂಪು ನಮ್ಮದು. ಏಳು ಜನ, ಮೂರು ಕೋಣೆ, ಸದಾ ತೊಟ್ಟಿಕ್ಕುವ ಒಂದು ನಲ್ಲಿ. ಸಾವಿರಾರು ವರ್ಷ ಹಿಂದಿನ ಮಕ್ಕಳ ಹಲ್ಲುಗಳು ನನ್ನ ಪಾಲಿಗೆ ಬಂದಿವೆ. ಮರದೊಳಗೆ ವರ್ಷಕ್ಕೊಂದು ಉಂಗುರ ಮೂಡುವ ಹಾಗೆ, ಬೆಳೆಯುವ ಹಲ್ಲಿನೊಳಗೆ ದಿನಕ್ಕೊಂದು ಗೆರೆ ಮೂಡುತ್ತದೆ. ಕಾಗದದಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನೀರಿಳಿದ ಹೊಳೆಯ ಮರಳಿನಂತೆ ಅಲೆ ಅಲೆ. ಮಗು ಹುಟ್ಟಿದ್ದು ಯಾವಾಗ, ಎದೆಹಾಲು ಎಷ್ಟು ದಿನ ಕುಡಿಯಿತು, ಯಾವತ್ತು ಅದರ ಮೈ ಸೋತಿತು, ಎಲ್ಲ ಅಲ್ಲಿರುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಮ್ಮೊಮ್ಮೆ ಆ ಮಕ್ಕಳೆಲ್ಲ ಕಿಟಕಿಯ ಬಿಸಿಲಲ್ಲಿ ಅಂಬೆಗಾಲಿಡುತ್ತಿದ್ದಾರೆ ಅನ್ನಿಸುತ್ತದೆ.

ಹೋದ ತಿಂಗಳು ಈ ಗೆರೆಗಳನ್ನು ಓದುವ ಹೊಸ ಯಂತ್ರ ಬಂತು. ಅದು ಸರಿಯಾಗಿ ಓದುತ್ತದೋ ಇಲ್ಲವೋ ನೋಡಲು, ಶೈಶವದ ಸಂಗತಿ ಗೊತ್ತಿರುವವರ ಹಲ್ಲು ಬೇಕು ಎಂದರು ನಮ್ಮ ಮೇಡಂ. ಅಮ್ಮ ಜೋಪಾನವಾಗಿಟ್ಟಿದ್ದ ನನ್ನ ಹಾಲುಹಲ್ಲೊಂದನ್ನು ಕೊಟ್ಟೆ. ನನಗೆ ಗೊತ್ತಿದ್ದ ಕಥೆ ಇಷ್ಟೇ: ನನಗೆ ಮೂರು ತಿಂಗಳಾದಾಗ ಅಮ್ಮನಿಗೆ ಬೆನ್ನುಮೂಳೆಯ ಕ್ಷಯ, ಅವಳು ಆಸ್ಪತ್ರೆಯಲ್ಲಿದ್ದ ಹನ್ನೊಂದು ತಿಂಗಳು ನಾನು ನಿನ್ನ ಮನೆಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದೆ.

ಯಂತ್ರ ಬೇರೆಯದನ್ನೇ ಹೇಳಿತು. ಮೇಡಂ ಪರದೆ ನೋಡಿ, ‘ಒಂದು ವರ್ಷ ಎರಡು ತಿಂಗಳು ಎದೆಹಾಲು ಕುಡಿದಿದೀಯ ಕಣೇ, ಪುಣ್ಯವಂತೆ’ ಎಂದರು. ಯಂತ್ರ ಕೆಟ್ಟಿದೆ ಎಂದು ನಕ್ಕೆ. ಮೂರು ಸಲ ಓದಿಸಿದೆವು. ಮೂರು ಸಲವೂ ಅದೇ.

ಅಮ್ಮನಿಗೆ ಫೋನ್ ಮಾಡಿದೆ. ಯಂತ್ರ ಹೇಳಿದ್ದನ್ನು ತಿಳಿಸಿ, ಆ ಹಾಲು ಯಾರದು ಎಂದು ಕೇಳಿದೆ. ‘ನಿನ್ನ ಚಿಕ್ಕಮ್ಮಂದು. ಅವಳ ಮಗು ಹತ್ತೊಂಬತ್ತು ದಿನ ಬದುಕಿತ್ತು. ಅದು ತೀರಿಹೋದ ಒಂದು ವಾರಕ್ಕೇ ನಿನ್ನನ್ನ ಅವಳ ಮಡಿಲಿಗೆ ಹಾಕಿದ್ವಿ’ ಎಂದಳು. ನಿನಗೊಂದು ಮಗುವಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ, ಚಿಕ್ಕಮ್ಮ. ವಾಸಿಯಾಗಿ ಬಂದ ಅಮ್ಮನ ತೋಳಿಗೆ ಹೋಗಲಾರೆನೆಂದು ನಾನು ರಚ್ಚೆ ಹಿಡಿದೆನಂತೆ. ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ‘ಇನ್ನು ನೀನು ಇವಳನ್ನ ಎತ್ಕೋಬೇಡ. ಹಾಲು ಕೊಟ್ಟಿದ್ದು ಯಾರಿಗೂ ಗೊತ್ತಾಗೋದು ಬೇಡ’ ಎಂದು ನಿನ್ನಿಂದ ಮಾತು ತೆಗೆದುಕೊಂಡಳಂತೆ. ಅಲ್ಲಿಂದಾಚೆ ಅಕ್ಕತಂಗಿಯರ ನಡುವೆ ಮಾತೇ ಉಳಿಯಲಿಲ್ಲ.

ಏಳು ವರ್ಷದವಳಿದ್ದಾಗ ಒಂದು ಮದುವೆಮನೆಯ ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡಿದ್ದೆ. ಹತ್ತಿರವಿದ್ದವಳು ನೀನೊಬ್ಬಳೇ. ಎರಡು ಹೆಜ್ಜೆ ಓಡಿ ಬಂದವಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟೆ. ಕಲ್ಲೆದೆಯವಳು ಎಂದು ಅವತ್ತೇ ತೀರ್ಮಾನಿಸಿದ್ದೆ. ಕ್ಷಮಿಸು.

ಇನ್ನೊಂದಿದೆ. ನನ್ನ ಹಲ್ಲಿನಲ್ಲಿ ಎರಡು ಕಪ್ಪು ಗೆರೆಗಳಿವೆ. ಒಂದು ಮೂರನೇ ತಿಂಗಳಲ್ಲಿ, ಅಮ್ಮ ಆಸ್ಪತ್ರೆಗೆ ಹೋದಾಗ. ಇನ್ನೊಂದು ಹದಿನಾಲ್ಕನೆಯದರಲ್ಲಿ, ನನ್ನನ್ನು ನಿನ್ನಿಂದ ಕರೆದೊಯ್ದಾಗ. ಜ್ವರ ಬಂದರೂ ಇಂಥ ಗೆರೆ ಬೀಳುತ್ತದೆ, ಹಲ್ಲು ಕಾರಣ ಹೇಳುವುದಿಲ್ಲ ಎಂದು ಮೇಡಂ ಎಚ್ಚರಿಸಿದರು. ಕಲಿತ ವಿದ್ಯೆಗೆ ತಲೆಬಾಗಿ ಒಪ್ಪಿಕೊಂಡೆ. ಆದರೂ ಎರಡನೆಯದೇ ಹೆಚ್ಚು ದಪ್ಪವಾಗಿದೆ. ಇದನ್ನು ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀನೊಬ್ಬಳೇ ನೊಂದದ್ದಲ್ಲ ಎಂದು ನಿನಗೆ ಗೊತ್ತಿರಲಿ ಅಂತ ಬರೆದೆ.

ಮೊನ್ನೆ ಯಂತ್ರದ ಮುಂದೆ ಕೂತಲ್ಲೇ ತೂಕಡಿಸಿದೆ. ಯಾರದೋ ಬೆಚ್ಚನೆಯ ಮಡಿಲು, ಗುಂಯ್ ಎನ್ನುವ ದನಿ, ಕಿವಿಗೆ ತಾಗಿದ ಎದೆಬಡಿತ. ಅದು ನೆನಪೋ, ಯಂತ್ರದ ಸದ್ದೋ, ನನಗೆ ತಿಳಿಯದು. ಎಚ್ಚರವಾದರೂ ಕಣ್ಣು ತೆರೆಯಲು ಮನಸ್ಸಾಗಲಿಲ್ಲ.

ರಜೆಯಲ್ಲಿ ಮೊದಲು ನಿನ್ನ ಮನೆಗೇ ಬರುತ್ತೇನೆ. ಎತ್ತಿಕೊಳ್ಳುವ ವಯಸ್ಸು ನನ್ನದಲ್ಲ. ಪಕ್ಕದಲ್ಲಿ ಕೂರಿಸಿಕೋ, ಸಾಕು. ನಿನ್ನ ಮಗುವಿನ ಬಗ್ಗೆ ಹೇಳಬೇಕು ಅನ್ನಿಸಿದರೆ ಹೇಳು. ಆ ಹತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತೇನೆ.

ನಿನ್ನವಳೇ ಆದ,
ಮಗಳು

ಮರೆತ ಮಾತು: ಇದನ್ನು ನಿನ್ನ ವಿಳಾಸಕ್ಕೆ ಅಂಚೆಗೆ ಹಾಕುತ್ತಿಲ್ಲ. ‘ನನ್ನ ಹತ್ರ ಕಳಿಸು, ನಾನೇ ತಗೊಂಡ್ಹೋಗಿ ಕೊಡ್ತೀನಿ’ ಎಂದಳು ಅಮ್ಮ. ಲಕೋಟೆ ಅಂಟಿಸಿಯೇ ಕಳಿಸುತ್ತೇನೆ, ಅವಳು ಓದಿರುವುದಿಲ್ಲ. ನಿನ್ನ ಕೈಗಿಟ್ಟು ಏನೂ ಮಾತಾಡದೆ ಹೊರಟಿದ್ದಾಳು. ಆದರೆ ಅವಳ ನಡಿಗೆ ಈಗ ಬಹಳ ನಿಧಾನ. ಬೀದಿಯ ತಿರುವನ್ನು ಇನ್ನೂ ದಾಟಿರಲಾರಳು. ಬಾಗಿಲಿಗೆ ಬಂದು ‘ಅಕ್ಕಾ’ ಅಂದರೆ ಕೇಳಿಸುತ್ತದೆ.