ಅಡುಗೆ ಕಟ್ಟೆಯ ಅಳತೆ

ಔರಾದ,
೯ ಫೆಬ್ರುವರಿ ೨೦೨೫, ರವಿವಾರ

ಅತುಲ ಅವರಿಗೆ,

ಕುಮುದಿನಿಯ ನಮಸ್ಕಾರ. ಪರದೆ ತರುವುದಿಲ್ಲ. ಬೀದರಿನ ಹೊಸ ಮನೆಯ ವಾಸ್ತುಶಾಂತಿಗೂ ಬರುವುದಿಲ್ಲ.

ನೀವು ಮೊಬೈಲಿನಲ್ಲಿ ಕೇಳಿದ್ದು ಎರಡೇ ಮಾತಾದ್ದರಿಂದ ಉತ್ತರವನ್ನು ಇಲ್ಲಿಗೇ ಮುಗಿಸಬಹುದಿತ್ತು. "ಬರೋವಾಗ ಭಾಲ್ಕಿ ಪರದಾ ತಗೊಂಡು ಬಾ. ಪೂಜಿಗಿ ಜೋಡಿಲೆ ಕೂಡಬೇಕು, ಕಾಕಾ ಕಾಕು ಎಲ್ಲಾರೂ ಬರ್ಲಿಕತ್ತಾರ" ಎಂದು ಬರೆದಿದ್ದಿರಿ. ಪರದೆ ಮೊದಲು, ಹೆಂಡತಿ ಆಮೇಲೆ. ಹೋಗಲಿ ಬಿಡಿ. ಫೋನು ಮಾಡಿದರೆ "ಮೀಟಿಂಗಿನ್ಯಾಗ ಅದೀನಿ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀರಿ, ಆ ಆಮೇಲೆ ಎಂಬುದು ಬರುವುದೇ ಇಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ನೀವು ಕಲಬುರಗಿಯ ತರಬೇತಿ ಮುಗಿಸಿ ಬೀದರಿಗೆ ಬರುವಷ್ಟರಲ್ಲಿ ಇದು ನಿಮ್ಮ ಬಾಡಿಗೆ ಮನೆಯ ಬಾಗಿಲಿಗೆ ಬಂದು ಬಿದ್ದಿರುತ್ತದೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿಯಿರಿ.

ಆ ಬಾಡಿಗೆ ಮನೆಯ ಅಡುಗೆ ಕಟ್ಟೆ ನಿಮಗೆ ನೆನಪಿರಲಿಕ್ಕಿಲ್ಲ, ನೀವು ಅದರ ಮುಂದೆ ನಿಂತವರಲ್ಲ. ನನಗದು ಎದೆಮಟ್ಟ ಬರುತ್ತಿತ್ತು. ನಾನು ಗಿಡ್ಡಿ; ಮದುವೆಯ ದಿನ ಅಂತರಪಟದ ಆಚೆ ಹುಡುಗಿ ನಿಂತಿದ್ದಾಳೋ ಇಲ್ಲವೋ ಎಂದು ನಿಮ್ಮ ಕಾಕಾ ಇಣುಕಿ ನೋಡಿ ಎಲ್ಲರನ್ನೂ ನಗಿಸಿದ್ದರು. ತವರಿನಿಂದ ತಂದ ಸಾಗವಾನಿ ಮಣೆಯ ಮೇಲೆ ನಿಂತು ವರ್ಷಾನುಗಟ್ಟಲೆ ನಿಮಗೆ ರೊಟ್ಟಿ ಬಡಿದೆ. ಒಂದು ಸಂಕ್ರಾಂತಿಗೆ ಮಣೆ ಸರಿದು ಕಾದ ಎಣ್ಣೆ ಮುಂಗೈ ಮೇಲೆ ಬಿತ್ತು. ಅವತ್ತು ನೀವೇ ಓಡಿಬಂದು ಮುಲಾಮು ಹಚ್ಚಿದಿರಿ. "ನಮ್ಮ ಸ್ವಂತ ಮನಿ ಆದಾಗ ನಿನ್ನ ಮೊಣಕೈ ಅಳತಿಗೇ ಕಟ್ಟಿ ಕಟ್ಟಸ್ತೇನಿ, ಆವತ್ತು ಈ ಮಣಿ ಒಲ್ಯಾಗ ಹಾಕು" ಅಂದಿರಿ. ನಮ್ಮ ಸಂಸಾರದಲ್ಲಿ ನೀವು ಆಡಿದ ಒಳ್ಳೆಯ ಮಾತುಗಳನ್ನು ಆರಿಸಲು ಕೂತರೆ ನನ್ನ ಕೈಗೆ ಮೊದಲು ಸಿಗುವುದು ಅದೇ.

ಆಮೇಲೆ ನೀವು ಮಾತು ಕಡಿಮೆ ಮಾಡುತ್ತ ಬಂದಿರಿ. ಜಗಳವಾಡಿದ್ದರೆ ನನಗೂ ಜಗಳವಾಡಲು ಬರುತ್ತಿತ್ತು. ಸಾರು ಉಪ್ಪಾದರೂ ನೀವು ಸುಮ್ಮನೆ ಉಂಡು ಎದ್ದು ಹೋಗುವವರಾದಿರಿ. ಒಂದೇ ಮನೆಯಲ್ಲಿ ಬಾಡಿಗೆದಾರಳ ಹಾಗೆ ಇರುವುದಕ್ಕಿಂತ ಬೇರೆ ಊರಲ್ಲಿ ಬಾಡಿಗೆ ಹಿಡಿಯುವುದೇ ವಾಸಿ ಎನಿಸಿ ಶಾಲೆಯ ವರ್ಗಾವಣೆ ತೆಗೆದುಕೊಂಡು ಔರಾದಕ್ಕೆ ಬಂದೆ. ನೀವು ತಡೆಯಲಿಲ್ಲ. ಕೇಳಿದವರಿಗೆಲ್ಲ ಇಬ್ಬರೂ "ನೌಕರಿ ಸಲುವಾಗಿ" ಎಂದೆವು. ಹೀಗೆ ನಾಲ್ಕು ವರ್ಷ ಮನೆಯೊಡತಿ ಸಖುಬಾಯಿಯ ಹಿತ್ತಲ ಕೋಣೆಯಲ್ಲಿ ಕಳೆದವು.

ಹೋದ ದಸರೆಯ ಮರುದಿನ ನಿಮ್ಮ ಫೋನು ಬಂತು. ಮೊದಲಿಗೆ "ಊಟ ಆತೇನು?" ಎಂದು ಕೇಳಿದಿರಿ. ನಾನು ಉಂಡಿರಲಿಲ್ಲ, ಆದರೂ ಆಯಿತು ಎಂದೆ. "ಮನಿ ಮುಗೀಲಿಕ್ಕ ಬಂತು ಕುಮುದಾ. ಅಡಗಿ ಮನಿ, ಬಚ್ಚಲ ಮನಿ, ಕಪಾಟ, ಪರದಾ, ಎಲ್ಲಾ ನೀನೇ ನೋಡಬೇಕು. ನಿನಗ ಬಂದಂಗ ವ್ಯಾಪಾರ ಯಾರಿಗೂ ಬರಂಗಿಲ್ಲ" ಎಂದಿರಿ. ನೀವು ಕರೆದದ್ದು ಸಾಮಾನು ನೋಡಲು. ನಾನು ಕೇಳಿಸಿಕೊಂಡದ್ದು ಮನೆಗೆ ಬಾ ಎಂದು. ಫೋನಿಟ್ಟವಳೇ ಸಖುಬಾಯಿಯ ಬಾಯಿಗೆ ಸಕ್ಕರೆ ಹಾಕಿದೆ. "ಗಂಡ ಕರದಾನಂದ್ರ ಹೋಗವ್ವಾ, ಖೋಲಿ ಎಲ್ಲಿ ಓಡಿ ಹೋಗ್ತದ" ಎಂದಳು ಆಕೆ. ಮುಂದಿನ ವರ್ಗಾವಣೆಯಲ್ಲಿ ಜನವಾಡದ ಶಾಲೆ ಕೇಳುತ್ತೇನೆ, ಹೊಸ ಮನೆಯಿಂದ ಬಸ್ಸಿಗೆ ಹೋಗಿ ಬರಬಹುದು ಎಂದು ನಮ್ಮ ಮುಖ್ಯೋಪಾಧ್ಯಾಯರಿಗೂ ಹೇಳಿಬಿಟ್ಟೆ.

ಅಲ್ಲಿಂದ ಒಂದು ರವಿವಾರವೂ ನಾನು ಮನೆಯಲ್ಲಿ ಕೂಡಲಿಲ್ಲ. ಅರ್ಧ ಬೆಲೆ ಎಂದು ಕೆಂಪು ಬಟ್ಟೆ ಕಟ್ಟಿದ ಅಂಗಡಿಗಳ ಮೆಟ್ಟಿಲು ಹತ್ತಲಿಲ್ಲ. ಹಬ್ಬಕ್ಕೆ ಮುಂಚೆ ಬೆಲೆ ಏರಿಸಿ ಹಬ್ಬಕ್ಕೆ ಇಳಿಸುವ ಜನ ಅವರು. ನಿಜವಾಗಿ ಸೋವಿಯಾದದ್ದು ಬೋರ್ಡು ಹಾಕಿಕೊಂಡು ನಿಲ್ಲುವುದಿಲ್ಲ. ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ, ಯಾರಿಗೋ ಎಂದು ಮಾಡಿದ್ದು, ಅವರಿಗೆ ಬೇಡವಾದದ್ದು. ಭಾಲ್ಕಿಯಲ್ಲಿ ಅಂಥದೊಂದು ಸಿಕ್ಕಿತು. ಯಾರೋ ಡಾಕ್ಟರು ಅಡುಗೆ ಕಟ್ಟೆಯ ಕೆಳಗೆ ಇಡಲೆಂದು ಮಾಡಿಸಿ, ಗೋಡೆಗೆ ಕೂಡದೆಂದು ಬಿಟ್ಟುಹೋದ ಕಪಾಟುಗಳು. ಬಾಗಿಲು ತೆಗೆದು ಹಾಕಿ ಕೀಲು ನೋಡಿದೆ. ಹಲಗೆಯ ಹಿಂಬದಿಗೆ ನೀರು ಹಚ್ಚಿಟ್ಟು, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಬಂದು ಮತ್ತೆ ನೋಡಿದೆ, ಉಬ್ಬಿರಲಿಲ್ಲ. ಕೆಳಗೆ ಕಾಲುಗಳಿದ್ದವು, ತಿರುವಿದರೆ ಎತ್ತರ ಹೆಚ್ಚು ಕಡಿಮೆಯಾಗುತ್ತಿತ್ತು, ಬೇಡವೆಂದರೆ ಬಿಚ್ಚಿ ತೆಗೆಯಲೂ ಬರುತ್ತಿತ್ತು. ನಿಜ ಹೇಳುತ್ತೇನೆ, ಆ ಕಾಲು ನೋಡಿಯೇ ನಾನು ಒಪ್ಪಿದ್ದು. ಪರದೆಗಳನ್ನೂ ಅವತ್ತೇ ಆ ಊರಲ್ಲಿ ಕೊಂಡು ಔರಾದಕ್ಕೆ ತಂದಿಟ್ಟೆ.

ಬೀದರಿನಲ್ಲಿ ಉಳಿದ ಮಾಲು ಮಾರುವ ಅಬ್ದುಲ ಗಫೂರರ ಅಂಗಡಿಯಲ್ಲಿ ಗೋಡೆಯ ಟೈಲ್ಸು ಆರಿಸಿದೆ, ಎಳೆ ಹುಣಸೆ ಎಲೆಯ ಹಸಿರು. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಲಾಟಿನ ನಂಬರು ಇದೆಯೇ ಎಂದು ಕೂತು ನೋಡಿದೆ, ಯಾಕೆಂದರೆ ಎರಡು ಲಾಟು ಬೆರೆತರೆ ಗೋಡೆಯ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ. ಕಂಪನಿಯವರು ಆ ಬಣ್ಣ ಮಾಡುವುದನ್ನೇ ಬಿಟ್ಟಿದ್ದರಂತೆ, ಆದ್ದರಿಂದಲೇ ಆ ಬೆಲೆಗೆ ಸಿಕ್ಕಿತು. ನನ್ನ ಎತ್ತರದ ಕಟ್ಟೆಗೆ ಲೆಕ್ಕ ಹಾಕಿದರೆ ಸರಿಯಾಗಿ ಸಾಲುವಷ್ಟೇ ಇತ್ತು, ಇದ್ದಷ್ಟನ್ನೂ ಎತ್ತಿಕೊಂಡೆ. ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಅಯಸ್ಕಾಂತ ಒಯ್ದು ಸಿಂಕಿಗೆ ಹಿಡಿದೆ. ತುಕ್ಕು ಹಿಡಿಯದ ಒಳ್ಳೆಯ ಸ್ಟೀಲಿಗೆ ಅದು ಅಂಟುವುದಿಲ್ಲ; ಅಂಟಿದ್ದನ್ನೆಲ್ಲ ಬಿಟ್ಟು ಅಂಟದ್ದನ್ನು ತೆಗೆದುಕೊಂಡೆ. ಕೈ ತೊಳೆಯುವ ಬೇಸಿನ್ನು ಚೂರು ಹಾರಿದ್ದೆಂದು ಸೋವಿಗೆ ಸಿಕ್ಕಿತು; ಹಾರಿದ್ದು ಗೋಡೆಯ ಕಡೆಗೆ, ಯಾರಿಗೂ ಕಾಣುವುದಿಲ್ಲ. "ಟೀಚರಬಾಯಿ, ನಿಮ್ಮ ಕಣ್ಣಿಗಿ ಧೂಳ ಹಾಕೋ ಮನಷ್ಯಾ ಬೀದರನ್ಯಾಗ ಇನ್ನಾ ಹುಟ್ಟಿಲ್ರಿ" ಎಂದು ಗಫೂರರು ಕೈ ಮುಗಿದರು. ನಾನು ಬಲು ಹೆಮ್ಮೆಯಿಂದ ನಕ್ಕೆ. ಈಗ ಆ ನಗು ನೆನೆದರೆ ಮೈ ಉರಿಯುತ್ತದೆ.

ಯಾಕೆಂದರೆ ಆ ಕೆಂಪು ಬಟ್ಟೆಯ ಅಂಗಡಿಯವರ ವ್ಯಾಪಾರವನ್ನೇ ನೀವು ನನ್ನ ಮೇಲೆ ಮಾಡಿದಿರಿ. ನಾಲ್ಕು ವರ್ಷ ಮಾತೇ ಬಿಟ್ಟಿರಿ. ಆಮೇಲೆ ಒಂದು ದಿನ "ಊಟ ಆತೇನು" ಎಂದಿರಿ. ನಾನು ಅದನ್ನೇ ದೊಡ್ಡ ರಿಯಾಯಿತಿ ಎಂದು ಎರಡೂ ಕೈಯಿಂದ ಬಾಚಿಕೊಂಡೆ. ಹಲಗೆಗೆ ನೀರು ಹಚ್ಚಿ ನೋಡಿದವಳು ನಿಮ್ಮ ಮಾತಿಗೆ ಏನನ್ನೂ ಹಚ್ಚಿ ನೋಡಲಿಲ್ಲ.

ಹೋದ ರವಿವಾರ ಸಿಂಕನ್ನು ಆಟೋದಲ್ಲಿಟ್ಟುಕೊಂಡು ಹೊಸ ಮನೆಗೆ ಹೋದೆ. ನೀವು ಹಿಂದಿನ ದಿನವೇ ಕಲಬುರಗಿಗೆ ಹೋಗಿದ್ದಿರಿ. ಮನೆ ಕಟ್ಟುವ ನಿಮ್ಮ ಗೌಂಡಿ ನಿಜಾಮೋದ್ದೀನ ಅಡುಗೆ ಕಟ್ಟೆಗೆ ಟೇಪನ್ನು ನಂಬುವವನಲ್ಲ ಎಂದು ನೀವೇ ಹೇಳಿದ್ದಿರಿ. ಮನೆಯ ಹೆಣ್ಣುಮಗಳನ್ನು ಗೋಡೆಗೆ ನಿಲ್ಲಿಸಿ, ರೊಟ್ಟಿ ಬಡಿಯುವವರ ಹಾಗೆ ಕೈ ಮಡಿಸಲು ಹೇಳಿ, ಮೊಣಕೈಗಿಂತ ತುಸು ಕೆಳಗೆ ಗೆರೆ ಎಳೆಯುತ್ತಾನಂತೆ. ನನ್ನನ್ನು ಇವತ್ತು ನಿಲ್ಲಿಸುತ್ತಾನೆ ಎಂದುಕೊಂಡು ಇಸ್ತ್ರಿಯ ಸೀರೆ ಉಟ್ಟಿದ್ದೆ. ಬರಿಗಾಲಲ್ಲಿ ನಿಂತರೆ ಅಳತೆ ಸರಿ ಬರುತ್ತದೆ ಎಂದು ಚಪ್ಪಲಿಯನ್ನು ಹೊರಗೇ ಬಿಟ್ಟು, ಸಿಮೆಂಟು ಮರಳು ತುಳಿಯುತ್ತ ಒಳಗೆ ಹೋದೆ.

ಗೋಡೆಯ ಮೇಲೆ ಕೆಂಪು ಗೆರೆ ಆಗಲೇ ಎದ್ದಿತ್ತು. ಪಕ್ಕಕ್ಕೆ ನಿಂತು ನೋಡಿದೆ. ಎದೆಮಟ್ಟ ಬಂತು, ಬಾಡಿಗೆ ಮನೆಯ ಕಟ್ಟೆಯಷ್ಟೇ.

"ಈ ಗೆರಿ ಯಾರ ಅಳತಿದಪ್ಪಾ?" ಎಂದು ಕೇಳಿದೆ. "ಪೂನಮ ಬಾಯಾರದ್ರಿ ಅಕ್ಕಾ. ಮೊನ್ನಿ ಸಾಹೇಬ್ರ ಸಂಗಟ ಬಂದು ನಿಂತು ಕೊಟ್ಟು ಹೋಗ್ಯಾರ್ರಿ. ಅವರ ಹೈಟ್ ಭಾಳ ಅದ, ಕಟ್ಟಿ ತಳಗ ಆದ್ರ ಟೊಂಕ ನೋಯ್ತದ ಅಂತ ಸಾಹೇಬ್ರು ತಾವೇ ಹೇಳ್ಯಾರ್ರಿ" ಎಂದ, ಕರಣಿ ಕೆಳಗಿಡದೆ. ಅವನದೇನೂ ತಪ್ಪಿಲ್ಲ. ನಾನು ಯಾರೆಂದು ಗೊತ್ತೇ ಎಂದು ಕೇಳಿದೆ. "ಗೊತ್ತಿಲ್ದೇ ಏನ್ರಿ! ನೀವು ಸಾಹೇಬ್ರ ಅಕ್ಕಾರು ಅಲ್ರಿ? ನಮ್ಮಕ್ಕ ಔರಾದದಿಂದ ಸಾಮಾನು ತರ್ತಾಳ, ಇಳಸ್ಕೋ ಅಂತ ಹೇಳಿದ್ರಲ್ರಿ" ಎಂದ.

ಅಕ್ಕ! ನನ್ನ ತಲೆ ನಿಮಗಿಂತ ಮೊದಲೇ ನೆರೆತದ್ದು ನಿಮಗೆ ಅನುಕೂಲಕ್ಕೆ ಬಂತು. ಸಾಮಾನು ತರಲು ಅಕ್ಕ, ನೆಂಟರ ಮುಂದೆ ಪೂಜೆಗೆ ಕೂಡಲು ಹೆಂಡತಿ, ಆ ಕಟ್ಟೆಯ ಮುಂದೆ ನಿಲ್ಲಲು ಪೂನಮ. ಒಬ್ಬಳಿಗೆ ಎರಡು ಕೆಲಸ ಹಚ್ಚಿದಿರಿ, ಅದೂ ಪುಗಸಟ್ಟೆ.

ನಿಮ್ಮ ಆಫೀಸಿನ ಪೂನಮ ನನಗೆ ಗೊತ್ತಿಲ್ಲದವಳಲ್ಲ. ನಾನು ಬೀದರಿನಲ್ಲಿದ್ದಾಗಲೇ ಒಮ್ಮೆ ಮನೆಗೆ ಬಂದಿದ್ದಳು. ಚಹಾಕ್ಕೆ ಮೇಲಿನ ಸಾಲಿನ ಸಕ್ಕರೆ ಡಬ್ಬಿ ಇಳಿಸಲು ನಾನು ಮಣೆ ಹುಡುಕುತ್ತಿದ್ದರೆ, "ಇರ್ರಿ ವೈನಿ" ಎಂದು ನಿಂತಲ್ಲಿಂದಲೇ ಕೈ ಚಾಚಿ ಇಳಿಸಿ ಕೊಟ್ಟಳು. ಒಳ್ಳೆಯ ಹುಡುಗಿ ಎಂದು ನಾನೇ ನಿಮ್ಮ ಮುಂದೆ ಹೊಗಳಿದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನನಗೆ ಮಾತು ಕೊಟ್ಟವಳು ಆಕೆಯಲ್ಲ. ನೀವು ಬೇರೆಯವರನ್ನು ಇಷ್ಟಪಟ್ಟಿರಿ ಎಂಬುದಕ್ಕಿಂತ, ಅವಳ ಟೊಂಕ ನೋಯಬಾರದೆಂದು ನೀವು ಬಾಯಿಬಿಟ್ಟು ಗೌಂಡಿಗೆ ಹೇಳಿದಿರಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ. ಇಂಥ ಕಾಳಜಿ ನಿಮ್ಮಲ್ಲಿ ಇರಲೇ ಇಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಇತ್ತು, ನನ್ನ ಪಾಲಿಗೆ ಇರಲಿಲ್ಲ ಅಷ್ಟೆ.

ನಾನು ಅಲ್ಲಿ ಕೂಗಾಡಲಿಲ್ಲ. ನಿಜಾಮೋದ್ದೀನ ತರಿಸಿದ ಚಹಾ ಕುಡಿದೆ. ಬಚ್ಚಲಿಗೆ ಹೋಗಿ, ಕೈಯಲ್ಲಿ ತೂಗಿ ತೂಗಿ ನಾನೇ ಆರಿಸಿ ತಂದ ಹಿತ್ತಾಳೆಯ ನಳ ತಿರುವಿ ಮುಖ ತೊಳೆದೆ. ನೀರು ಚೆನ್ನಾಗಿ ಬರುತ್ತದೆ. ಸಂಜೆಯ ಬಸ್ಸಿಗೆ ಔರಾದಕ್ಕೆ ಬಂದೆ. ಬಸ್ಸಿನಲ್ಲಿ ಅತ್ತೆ, ಪಕ್ಕದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳುವಷ್ಟು ಅತ್ತೆ.

ಜನವಾಡದ ಶಾಲೆ ಕೇಳುವುದಿಲ್ಲ. ಸಖುಬಾಯಿಗೆ ಖೋಲಿ ಬಿಡುವುದಿಲ್ಲ ಎಂದು ಹೇಳಿದೆ. ಆಕೆ ಒಂದು ಬುಟ್ಟಿ ಮೆಂತೆ ಸೊಪ್ಪು ತಂದಿಟ್ಟು, "ಸೋಸು, ಕೂಡಿ ಉಣ್ಣಾಮು" ಎಂದಳು. ಭಾಲ್ಕಿಯ ಪರದೆಗಳನ್ನು ನನ್ನ ಕಿಟಕಿಗೇ ಹಾಕಿಕೊಂಡಿದ್ದೇನೆ. ನಿಮ್ಮ ದೊಡ್ಡ ಕಿಟಕಿಗೆಂದು ತಂದದ್ದು, ಇಲ್ಲಿ ನೆಲದ ಮೇಲೆ ಎಳೆಯುತ್ತವೆ. ಕತ್ತರಿಸಿ ಹೊಲಿಯುತ್ತೇನೆ. ಅವುಗಳಿಗೆ ಕೊಟ್ಟ ದುಡ್ಡು ನನ್ನದೇ ಆದ್ದರಿಂದ ನೀವು ಕೇಳುವ ಹಾಗಿಲ್ಲ.

ವಾಸ್ತುಶಾಂತಿಗೆ ಪಕ್ಕದಲ್ಲಿ ಯಾರನ್ನು ಕೂಡಿಸಿಕೊಳ್ಳುತ್ತೀರೋ ನಿಮಗೆ ಬಿಟ್ಟದ್ದು. ಕಾಕಾ ಕೇಳಿದರೆ ಏನಾದರೂ ಹೇಳಿ, ಆದರೆ ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ ಎನ್ನಬೇಡಿ. ನಿಮಗೆ ಅಕ್ಕ ಇಲ್ಲವೆಂಬುದು ಅವರಿಗಾದರೂ ಗೊತ್ತು. ಮುಂದೆ ಕಾಗದಪತ್ರಕ್ಕೆ ನನ್ನ ಸಹಿ ಬೇಕಾದರೆ ಔರಾದಕ್ಕೆ ನೀವೇ ಬಂದು, ಎದುರಿಗೆ ನಿಂತು, ಬಾಯಿಬಿಟ್ಟು ಕೇಳಿ. ಮೊಬೈಲಿನಲ್ಲಿ ಕೇಳಿದರೆ ಕೊಡುವುದಿಲ್ಲ.

ಇಂತಿ, ನಿಮ್ಮ ಅಕ್ಕನಲ್ಲದ,
ಕುಮುದಿನಿ

ತಾ.ಕ.: ಚಹಾ ಕುಡಿದದ್ದಕ್ಕೂ ಬಸ್ಸು ಹತ್ತಿದ್ದಕ್ಕೂ ನಡುವೆ ಒಂದು ಕೆಲಸ ಮಾಡಿದೆ, ಮೇಲೆ ಬರೆಯಲಿಲ್ಲ. ಸಾಹೇಬರ ಅಕ್ಕ ಹೇಳಿದರೆ ಗೌಂಡಿ ಇಲ್ಲವೆನ್ನುತ್ತಾನೆಯೇ? ಆ ಗೆರೆ ಒರೆಸಿಸಿ, ಬರಿಗಾಲಲ್ಲಿ ನಿಂತು, ನನ್ನ ಮೊಣಕೈ ಅಳತೆಗೆ ಬೇರೆ ಗೆರೆ ಎಳೆಸಿದೆ. "ಸಾಹೇಬ್ರಿಗಿ ಒಂದ ಮಾತ ಕೇಳಲೇನ್ರಿ?" ಎಂದ. "ಅಂವ ಮೀಟಿಂಗಿನ್ಯಾಗ ಅದಾನ, ನಮ್ಮ ತಮ್ಮಗ ನಾ ಹೇಳ್ತೇನಿ" ಎಂದೆ. ಈಗ ಹೇಳುತ್ತಿದ್ದೇನೆ. ಕಪಾಟಿನ ಕಾಲು ಬಿಚ್ಚಿಸಿ ನೆಲಕ್ಕೆ ಕೂಡಿಸಿದ್ದಾಯಿತು. ಗುರುವಾರ ಕಲ್ಲು ಕೂತಿತು, ಅದರ ಮೇಲಿನ ಗೋಡೆಗೆ ಟೈಲ್ಸೂ ಹತ್ತಿದವು; ಫೋಟೋ ಕಳಿಸಿದ್ದಾನೆ, ಬಲು ಚೆಂದ ಬಂದಿದೆ. ಮೊದಲಿನಿಂದ ನನ್ನ ಎತ್ತರಕ್ಕೇ ಲೆಕ್ಕ ಹಾಕಿ ತಂದದ್ದರಿಂದ ಒಂದೂ ಉಳಿಯಲಿಲ್ಲ. ಕಟ್ಟೆ ಏರಿಸಬೇಕೆಂದರೆ ಅವನ್ನು ಒಡೆಯಬೇಕು, ಆ ಲಾಟು ಬೀದರ, ಭಾಲ್ಕಿ, ಔರಾದ ಎಲ್ಲಿಯೂ ಇನ್ನು ಸಿಗುವುದಿಲ್ಲ. ಅಂತೂ ಸಂಕ್ರಾಂತಿಯ ದಿನ ನೀವು ಆಡಿದ ಮಾತು ಉಳಿಯಿತು. ಪೂನಮಳ ಟೊಂಕ ನೋಯತೊಡಗಿದರೆ ಮುಲಾಮಿನ ಡಬ್ಬಿ ಬಾಡಿಗೆ ಮನೆಯ ಮೇಲಿನ ಸಾಲಿನಲ್ಲಿದೆ. ಅವಳ ಕೈಗೆ ಎಟುಕುತ್ತದೆ.